ಇಳಿದ ತೂಕ ಮತ್ತೆ ಏಕೆ ಏರುತ್ತದೆ?

ನನ್ನ ಕೈಯಲ್ಲಿರುವ ಈ ಟೇಪು ನೋಡಿ. ಟೈಲರ್ ಅಂಗಡಿಯಲ್ಲಿ ಇರುತ್ತದಲ್ಲ, ಅದೇ ಮಾಮೂಲಿ ಟೇಪು. ನನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಸ್ಟೆತಸ್ಕೋಪಿನ ಪಕ್ಕದಲ್ಲೇ ಇದೂ ಇರುತ್ತದೆ. ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನೇರವಾಗಿ ನಿಂತುಕೊಳ್ಳಿ. ಉಸಿರು ಮೆಲ್ಲಗೆ ಹೊರಗೆ ಬಿಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ ಅಳತೆ ನೋಡಿ. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಡಿ. ನಮ್ಮ ದೇಶದ ಗಂಡಸರಿಗೆ ಇದು 90 ಸೆಂಟಿಮೀಟರ್ ದಾಟಬಾರದು, ಹೆಂಗಸರಿಗೆ 80. ಇಂಚಿನಲ್ಲಿ ಹೇಳುವುದಾದರೆ ಸುಮಾರು 35.5 ಮತ್ತು 31.5. ಪ್ಯಾಂಟಿನ ಸೈಜ್ ನಂಬಿಕೊಂಡು ಕೂರಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಹಾಕಿಕೊಳ್ಳುತ್ತಾರೆ. ಹೊಟ್ಟೆ ಎಷ್ಟೇ ಬೆಳೆದರೂ ಆ ಸೈಜ್ ಬದಲಾಗುವುದಿಲ್ಲ.

ಈಗ ಒಬ್ಬ ಟೀಚರ್ ವಿಷಯ ಹೇಳುತ್ತೇನೆ. ವಯಸ್ಸು 42. ಎತ್ತರ 160 ಸೆಂಟಿಮೀಟರ್, ಅಂದರೆ 5 ಅಡಿ 3 ಇಂಚು. ಮೊದಲು ನನ್ನ ಹತ್ತಿರ ಬಂದಾಗ ತೂಕ 82 ಕಿಲೋ. ಬಿಪಿ ಇತ್ತು, ಶುಗರ್ ಗಡಿಯಲ್ಲಿತ್ತು, ಮೆಟ್ಟಿಲು ಹತ್ತಿದರೆ ಮಂಡಿ ನೋವು. ತುಂಬಾ ಶಿಸ್ತಿನ ಹೆಂಗಸು. ಐದು ತಿಂಗಳಲ್ಲಿ 12 ಕಿಲೋ ಇಳಿಸಿದರು. ಸ್ಕೂಲಿನಲ್ಲಿ ಎಲ್ಲರೂ ಹೊಗಳಿದರು. ಆಮೇಲೆ ಅವರು ಬರುವುದು ನಿಂತುಹೋಯಿತು. ಒಂದೂವರೆ ವರ್ಷದ ನಂತರ ಬಂದರು, ಅದೂ ಕೆಮ್ಮಿಗೆ ಅಂತ. ಬಾಗಿಲ ಹತ್ತಿರವೇ ನಿಂತಿದ್ದರು. "ಡಾಕ್ಟ್ರೇ, ನಿಮಗೆ ಮುಖ ತೋರಿಸೋಕೆ ನಾಚಿಕೆ ಆಯ್ತು, ಅದಕ್ಕೇ ಬರಲಿಲ್ಲ" ಅಂದರು. ತೂಕ ನೋಡಿದರೆ 81.

ನಾನು ಅವರನ್ನು ಒಂದೇ ಪ್ರಶ್ನೆ ಕೇಳಿದೆ. "ಮೇಡಂ, ಬಿಪಿ ಮಾತ್ರೆ ಆರು ತಿಂಗಳು ತಗೊಂಡು ಬಿಟ್ಟುಬಿಟ್ಟಿರಿ ಅಂತ ಇಟ್ಟುಕೊಳ್ಳಿ. ಬಿಪಿ ಮತ್ತೆ ಏರಿದರೆ ನಾಚಿಕೆ ಪಡುತ್ತೀರಾ?" ಅವರು ಸುಮ್ಮನೆ ನನ್ನ ಮುಖ ನೋಡಿದರು.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಬೊಜ್ಜು ಎಂಬುದು ಬಿಪಿ, ಶುಗರ್, ಆಸ್ತಮಾ ಇದ್ದ ಹಾಗೆ. ವರ್ಷಗಟ್ಟಲೆ ಜೊತೆಗಿರುವ ಒಂದು ಆರೋಗ್ಯದ ತೊಂದರೆ. ಮೂರು ತಿಂಗಳ ಡಯಟ್ಟಿನಿಂದ ವಾಸಿಯಾಗುವುದಿಲ್ಲ. ನೋಡಿಕೊಳ್ಳುತ್ತಾ ಇದ್ದರೆ ಹತೋಟಿಯಲ್ಲಿ ಇರುತ್ತದೆ. ತೂಕ ಮತ್ತೆ ಏರಿದರೆ ಅದು ನಿಮ್ಮ ಗುಣದ ದೋಷವಲ್ಲ, ಕಾಯಿಲೆಯ ಸ್ವಭಾವವೇ ಅದು.

ಏಕೆ ಮತ್ತೆ ಏರುತ್ತದೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಉಳಿದದ್ದು ಅರ್ಧ ಸಲೀಸು.

ಕೊಬ್ಬು ಸುಮ್ನೆ ಗೋದಾಮಿನ ಮೂಟೆಯ ಹಾಗೆ ಬಿದ್ದಿರುತ್ತದೆ ಅಂತ ನಾವು ಅಂದುಕೊಂಡಿದ್ದೆವು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಇದು ಹುಟ್ಟುವುದು ಕೊಬ್ಬಿನ ಕಣಗಳಲ್ಲೇ. ರಕ್ತದಲ್ಲಿ ಸಾಗಿ ಮೆದುಳಿಗೆ ಹೋಗಿ "ಇಲ್ಲಿ ಇಷ್ಟು ದಾಸ್ತಾನಿದೆ" ಅಂತ ಲೆಕ್ಕ ಒಪ್ಪಿಸುತ್ತದೆ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮೆದುಳಿಗೆ ಅದು ಬರಗಾಲದ ಸುದ್ದಿ. ಆಗ ಅದು ಹಸಿವನ್ನು ಜಾಸ್ತಿ ಮಾಡುತ್ತದೆ, ಖರ್ಚು ಕಡಿಮೆ ಮಾಡುತ್ತದೆ. ನೀವು ಮದುವೆಗೆ ತೆಳ್ಳಗಾಗಬೇಕು ಅಂತ ಊಟ ಬಿಟ್ಟಿದ್ದೀರೋ, ಊರಿಗೆ ಬರ ಬಂದಿದೆಯೋ, ಮೆದುಳಿಗೆ ಗೊತ್ತಾಗುವುದಿಲ್ಲ.

2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಿಂದ ಒಂದು ಅಧ್ಯಯನ ಬಂತು. 50 ಜನರಿಗೆ 10 ವಾರ ತುಂಬಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಸರಾಸರಿ 13.5 ಕಿಲೋ ಇಳಿಯಿತು. ಒಂದು ವರ್ಷ ಬಿಟ್ಟು ರಕ್ತ ಪರೀಕ್ಷೆ ಮಾಡಿದರೆ, ಹಸಿವಿನ ಹಾರ್ಮೋನುಗಳು ಇನ್ನೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಹಸಿವೂ ಮೊದಲಿಗಿಂತ ಜಾಸ್ತಿಯೇ ಇತ್ತು. ಒಂದು ವರ್ಷ ಕಳೆದ ಮೇಲೂ!

ಇನ್ನೊಂದು ಅಮೆರಿಕದ್ದು. ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರಲ್ಲಿ ಇದ್ದ 14 ಜನರನ್ನು ಕೆವಿನ್ ಹಾಲ್ ಎಂಬ ವಿಜ್ಞಾನಿ ಆರು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದರು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿಸಿದವರು ಅವರು. ಆರು ವರ್ಷದಲ್ಲಿ ಅದರಲ್ಲಿ 41 ಕಿಲೋ ವಾಪಸ್ ಬಂದಿತ್ತು. ಅಷ್ಟು ತೂಕದ ಮೈ ಸುಮ್ಮನೆ ಕೂತಿದ್ದಾಗ ಎಷ್ಟು ಖರ್ಚು ಮಾಡಬೇಕೋ, ಅದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಅವರ ಮೈ ಖರ್ಚು ಮಾಡುತ್ತಿತ್ತು. 500 ಕ್ಯಾಲೊರಿ ಅಂದರೆ ಒಂದು ಹೊತ್ತಿನ ಊಟ. ಪಕ್ಕದವರಷ್ಟೇ ಉಂಡರೂ ಇವರ ಮೈಗೆ ಒಂದು ಊಟ ಜಾಸ್ತಿ ಬಿದ್ದ ಹಾಗೆ. "ನಾನು ಅಷ್ಟೇನೂ ತಿನ್ನೋದಿಲ್ಲ ಡಾಕ್ಟ್ರೇ" ಅಂತ ಯಾರಾದರೂ ಹೇಳಿದಾಗ ನಾನು ಈಗ ನಂಬುತ್ತೇನೆ. ಮೊದಲು ನಂಬುತ್ತಿರಲಿಲ್ಲ. ಅದಕ್ಕೆ ನನಗೆ ಬೇಸರವಿದೆ.

ಟೀಚರಿಗೆ ಇದನ್ನೆಲ್ಲ ಹೇಳಿದಾಗ ಅವರ ಕಣ್ಣಲ್ಲಿ ನೀರು ಬಂತು. "ಒಂದೂವರೆ ವರ್ಷದಿಂದ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ" ಅಂದರು.

ಇನ್ನು ನಮ್ಮ ವಿಷಯಕ್ಕೆ ಬರೋಣ. ನಾವು ಅಂದರೆ ಭಾರತದವರು, ಅದರಲ್ಲೂ ನಮ್ಮ ರಾಜ್ಯದವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಯಸ್ಕರ ಪೈಕಿ 100ಕ್ಕೆ ಸುಮಾರು 30 ಜನರ ತೂಕ ಹೆಚ್ಚಿದೆ. ಗಂಡಸರಲ್ಲೂ ಅಷ್ಟೇ, ಹೆಂಗಸರಲ್ಲೂ ಅಷ್ಟೇ. ಅಲ್ಲಿ ಲೆಕ್ಕ ಹಿಡಿದದ್ದು ಬಿಎಂಐ 25. ಬಿಎಂಐ ಅಂದರೆ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ. 160 ಸೆಂಟಿಮೀಟರ್ ಇರುವವರಿಗೆ 64 ಕಿಲೋ ಅಂದರೆ 25. ಯುರೋಪಿನವರಿಗೆ 30 ದಾಟಿದರೆ ಬೊಜ್ಜು ಅನ್ನುತ್ತಾರೆ. ನಮ್ಮವರಿಗೆ 23 ದಾಟಿದರೇ ಎಚ್ಚರಿಕೆ, 25 ದಾಟಿದರೆ ಬೊಜ್ಜು ಅಂತ ನಮ್ಮ ದೇಶದ ತಜ್ಞರು 2009ರಲ್ಲೇ ಒಮ್ಮತಕ್ಕೆ ಬಂದರು.

ನಮಗೇಕೆ ಬೇರೆ ಅಳತೆ? ಪುಣೆಯ ಡಾಕ್ಟರ್ ಯಾಜ್ಞಿಕ್ ಅವರು 2004ರಲ್ಲಿ ಒಂದು ಫೋಟೋ ಪ್ರಕಟಿಸಿದರು. ನಿಂತಿರುವುದು ಅವರು ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಆದರೆ ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ ಅಳೆದರೆ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ನೋಡಲು ಇಬ್ಬರೂ ತೆಳ್ಳಗೇ ಇದ್ದಾರೆ. ಯಾಜ್ಞಿಕ್ ಅವರ ತಂಡ ಪುಣೆಯ ಹಳ್ಳಿಗಳ ನವಜಾತ ಮಕ್ಕಳನ್ನೂ ಅಳೆಯಿತು. ಸರಾಸರಿ 2.7 ಕಿಲೋ. ಇಂಗ್ಲೆಂಡಿನ ಮಕ್ಕಳು 3.5 ಕಿಲೋ. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ ಇತ್ತು, ಕೊಬ್ಬು ಮಾತ್ರ ಅಷ್ಟೇನೂ ಕಡಿಮೆ ಇರಲಿಲ್ಲ.

ಇಲ್ಲಿ ನಮ್ಮ ಮೈಸೂರಿನ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಮೈಸೂರಿನ ಮಿಷನ್ ಆಸ್ಪತ್ರೆ ನಿಮಗೆ ಗೊತ್ತಿರಬಹುದು, ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಆ ಹಳೆಯ ರಿಜಿಸ್ಟರುಗಳು ಹಾಳಾಗದೆ ಉಳಿದವು. ಅವನ್ನು ಹಿಡಿದು ಸಂಶೋಧಕರು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 500ಕ್ಕೂ ಹೆಚ್ಚು ಜನರನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ, ಅವರ ಹೃದಯ ಪರೀಕ್ಷೆ ಮಾಡಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 1996ರಲ್ಲಿ ಇದು ಪ್ರಕಟವಾಯಿತು. ಲಾಟೀನಿನ ಕಾಲದಲ್ಲಿ ಒಬ್ಬ ದಾದಿ ಅಚ್ಚುಕಟ್ಟಾಗಿ ಬರೆದಿಟ್ಟ ಒಂದು ಸಾಲು, ಅರವತ್ತು ವರ್ಷದ ನಂತರ ಜಗತ್ತಿನ ವೈದ್ಯರಿಗೆ ಪಾಠವಾಯಿತು. ನನಗೆ ಇದನ್ನು ನೆನೆಸಿಕೊಂಡಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ಇದರ ಅರ್ಥ ಏನು? ತಾಯಿಗೆ ಸರಿಯಾದ ಊಟವಿಲ್ಲದಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಮೈ ಕೊರತೆಗೆ ಹೊಂದಿಕೊಂಡು ಬೆಳೆಯುತ್ತದೆ. ಆಮೇಲೆ ಅದೇ ಮೈಗೆ ಬೇಕರಿ, ಸ್ಕೂಟರು, ಕುರ್ಚಿಯ ಕೆಲಸ ಸಿಗುತ್ತದೆ. ಕೊಬ್ಬು ಹೊಟ್ಟೆಯ ಒಳಗೆ, ಲಿವರಿನ ಸುತ್ತ ಸೇರುತ್ತದೆ. ಅದಕ್ಕೇ ನಾನು ಟೇಪು ತಂದಿದ್ದು. ತೂಕದ ಯಂತ್ರ ಇದನ್ನು ಹೇಳುವುದಿಲ್ಲ.

ಊಟದ ವಿಷಯಕ್ಕೆ ಎಲ್ಲರೂ ಕಾಯುತ್ತಿದ್ದೀರಿ ಅಂತ ಗೊತ್ತು.

ಟೀಚರ್ ಮೊದಲ ಸಲ ಮಾಡಿದ ಡಯಟ್ ಹೇಗಿತ್ತು ಗೊತ್ತಾ? ಬೆಳಿಗ್ಗೆ ನಿಂಬೆ ರಸ, ಜೇನು. ರಾತ್ರಿ ಬರೀ ಸೌತೆಕಾಯಿ. ಮನೆಯವರೆಲ್ಲ ಅನ್ನ ಸಾರು ಉಣ್ಣುವಾಗ ಇವರು ಬೇರೆ ತಟ್ಟೆ ಹಿಡಿದು ಕೂರುತ್ತಿದ್ದರು. ಐದು ತಿಂಗಳು ಮಾಡಿದ್ದೇ ದೊಡ್ಡದು. ಎರಡನೇ ಸಲ ನಾವು ಡಯಟ್ ಚಾರ್ಟ್ ಕೊಡಲಿಲ್ಲ. ಅವರ ಅಡುಗೆಮನೆಯ ಲೆಕ್ಕ ಕೇಳಿದೆವು.

ನಾಲ್ಕು ಜನರ ಮನೆ. ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ. ಇದು ಜಾಸ್ತಿ ಅಂತ ಅವರಿಗೆ ಅನ್ನಿಸಿರಲೇ ಇಲ್ಲ. ಲೆಕ್ಕ ಹಾಕಿ. ಒಬ್ಬರಿಗೆ ತಿಂಗಳಿಗೆ ಒಂದು ಲೀಟರ್. ದಿನಕ್ಕೆ 33 ಎಂಎಲ್, ತೂಕದಲ್ಲಿ ಸುಮಾರು 30 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಅಂದರೆ ದಿನಕ್ಕೆ ಸುಮಾರು 270 ಕ್ಯಾಲೊರಿ ಬರೀ ಎಣ್ಣೆಯಿಂದ. ಹೊರಗೆ ತಿಂದ ಬಜ್ಜಿ, ಮಸಾಲೆ ದೋಸೆ ಇದರಲ್ಲಿ ಸೇರಿಲ್ಲ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅದು ಇನ್ನೊಂದು 160. ಅವರು ಮಾಡಿದ್ದು ಇಷ್ಟು. ಎಣ್ಣೆಯನ್ನು ಪಾಕೆಟ್ಟಿನಿಂದ ಬಾಣಲೆಗೆ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಲು ಶುರುಮಾಡಿದರು. ನಾಲ್ಕು ಲೀಟರ್ ಎರಡೂವರೆಗೆ ಬಂತು. ಕಾಫಿ ಎರಡು ಲೋಟಕ್ಕೆ ಇಳಿಯಿತು. ಮನೆಯಲ್ಲಿ ಯಾರೂ ರುಚಿ ಕೆಟ್ಟಿದೆ ಅನ್ನಲಿಲ್ಲ.

ಎರಡನೆಯದು ಬೆಳಗಿನ ತಿಂಡಿ. ನಮ್ಮ ತಿಂಡಿಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಿ. ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ, ಪುಳಿಯೋಗರೆ. ಎಲ್ಲಾ ಅಕ್ಕಿ, ರವೆ. ಕಾಳು ಎಲ್ಲಿ? ಒಗ್ಗರಣೆಯಲ್ಲಿ ಹಾಕಿದ ನಾಲ್ಕು ಕಡಲೆಬೇಳೆ ಲೆಕ್ಕಕ್ಕಿಲ್ಲ. ಹತ್ತೂವರೆಗೆ ಮತ್ತೆ ಹಸಿವು, ಸ್ಟಾಫ್ ರೂಮಿನಲ್ಲಿ ಬಿಸ್ಕತ್ತು. ಅದೇ ಉಪ್ಪಿಟ್ಟು ಅರ್ಧ ಮಾಡಿ, ಜೊತೆಗೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ ಇಡಿ. ತಿನ್ನುವವರಾದರೆ ಎರಡು ಮೊಟ್ಟೆ. ಪೆಸರಟ್ಟು ಮಾಡಿದರೆ ಇನ್ನೂ ಒಳ್ಳೆಯದು. ಮಧ್ಯಾಹ್ನದವರೆಗೆ ಹೊಟ್ಟೆ ತಡೆಯುತ್ತದೆ. ನಮ್ಮ ಬಸ್ಸಾರು, ಮಸೊಪ್ಪು, ಮೊಳಕೆಕಾಳಿನ ಸಾರು ಇವೆಲ್ಲ ಎಷ್ಟು ಒಳ್ಳೆಯ ಅಡುಗೆ ಅಂತ ನಮಗೇ ಮರೆತುಹೋಗಿದೆ. ಸೊಪ್ಪು, ಕಾಳಿನ ಪಲ್ಯ ತಟ್ಟೆಯಲ್ಲಿ ಮುಂದೆ ಬರಲಿ, ಅನ್ನ ಆಮೇಲೆ.

ರಾಗಿ ಮುದ್ದೆ ಬಗ್ಗೆ ಒಂದು ಮಾತು. ನಾನೂ ಮುದ್ದೆ ಉಂಡು ಬೆಳೆದವಳು, ಅದರ ಮೇಲೆ ಪ್ರೀತಿ ಇದೆ. ಆದರೆ "ಅನ್ನ ಬಿಟ್ಟು ಮುದ್ದೆ ಉಂಡರೆ ತೂಕ ಇಳಿಯುತ್ತೆ" ಅನ್ನುವುದು ಪೂರ್ತಿ ನಿಜವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 350. ದೊಡ್ಡ ವ್ಯತ್ಯಾಸ ಇಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ತುಂಬಾ ಜಾಸ್ತಿ, ಅದು ದೊಡ್ಡ ಲಾಭ. ಆದರೆ ಮುದ್ದೆಯ ಗಾತ್ರ ನೋಡಿಕೊಳ್ಳಬೇಕು. ಹೊಲದಲ್ಲಿ ದಿನವಿಡೀ ದುಡಿದ ಅಜ್ಜನ ಮುದ್ದೆ ಬೇರೆ, ಕಂಪ್ಯೂಟರ್ ಮುಂದೆ ಕೂರುವ ಮೊಮ್ಮಗನ ಮುದ್ದೆ ಬೇರೆ.

ವ್ಯಾಯಾಮದ ಬಗ್ಗೆ ನೇರವಾಗಿ ಹೇಳುತ್ತೇನೆ. ಬರೀ ವಾಕಿಂಗಿನಿಂದ ತೂಕ ಹೆಚ್ಚು ಇಳಿಯುವುದಿಲ್ಲ. ಅರ್ಧ ಗಂಟೆ ಚುರುಕಾಗಿ ನಡೆದರೂ ಖರ್ಚಾಗುವುದು ನೂರೈವತ್ತು ಕ್ಯಾಲೊರಿಯ ಆಸುಪಾಸು. ಪಾರ್ಕಿನಿಂದ ಬರುತ್ತಾ ಒಂದು ಉದ್ದಿನ ವಡೆ ತಿಂದರೆ ಲೆಕ್ಕ ಚುಕ್ತಾ. ಹಾಗಂತ ನಡೆಯುವುದನ್ನು ಬಿಡಬೇಡಿ. ಇಳಿದ ತೂಕ ಮತ್ತೆ ಏರದಂತೆ ಹಿಡಿದಿಡಲು ಅದು ಬೇಕೇ ಬೇಕು. ಚೆನ್ನೈನಲ್ಲಿ ಡಾಕ್ಟರ್ ರಾಮಚಂದ್ರನ್ ಅವರ ತಂಡ ಶುಗರ್ ಗಡಿಯಲ್ಲಿದ್ದ 531 ಜನರ ಮೇಲೆ ಒಂದು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ಊಟ ತಿದ್ದಿಕೊಂಡು, ನಡೆಯಲು ಶುರುಮಾಡಿದವರಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇಕಡಾ 28.5ರಷ್ಟು ತಗ್ಗಿತು. ಅವರ ತೂಕ ಇಳಿದಿರಲಿಲ್ಲ! ತೂಕದ ಮುಳ್ಳು ಅಲ್ಲಾಡಲಿಲ್ಲ ಅಂತ ಕೈಬಿಡುವವರು ಈ ಚೆನ್ನೈ ಲೆಕ್ಕ ನೆನಪಿಟ್ಟುಕೊಳ್ಳಿ.

ವಾಕಿಂಗ್ ಜೊತೆಗೆ ಸ್ನಾಯುಗಳಿಗೂ ಕೆಲಸ ಕೊಡಿ. ಜಿಮ್ಮಿಗೆ ಹೋಗಲು ಆಗದವರು ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಎರಡು ಲೀಟರಿನ ನೀರಿನ ಬಾಟಲಿ ಹಿಡಿದು ಕೈ ಎತ್ತಿ ಇಳಿಸಿ. ನಮ್ಮವರಲ್ಲಿ ಸ್ನಾಯು ಮೊದಲೇ ಕಡಿಮೆ ಅಂತ ಹೇಳಿದೆನಲ್ಲ. ಉಪವಾಸ ಮಾಡಿ ತೂಕ ಇಳಿಸಿದರೆ ಇರುವ ಸ್ನಾಯುವೂ ಹೋಗುತ್ತದೆ.

ಈಗ ತೂಕ ಇಳಿಸುವ ಇಂಜೆಕ್ಷನ್. ಟೀ ವಿರಾಮದಲ್ಲಿ ನಾಲ್ಕು ಜನ ಇದನ್ನೇ ಕೇಳಿದರು. ನಮ್ಮ ದೇಶಕ್ಕೆ 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಬಂತು. ಜೂನ್‌ನಲ್ಲಿ ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬಂತು. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವ ಪೆನ್ನುಗಳು. ಊಟವಾದಾಗ ನಮ್ಮ ಕರುಳೇ ಹೊಟ್ಟೆ ತುಂಬಿತು ಅಂತ ಹೇಳುವ ಹಾರ್ಮೋನು ಬಿಡುತ್ತದೆ. ಇವು ಅದನ್ನೇ ಹೋಲುವ ಔಷಧಿಗಳು. ನಾನು ಮೊದಲು ಹೇಳಿದ ಬರಗಾಲದ ಕೂಗು ಇದೆಯಲ್ಲ, ಅದನ್ನು ಇವು ತಗ್ಗಿಸುತ್ತವೆ. ಸೆಮಾಗ್ಲುಟೈಡ್‌ನಲ್ಲಿ 68 ವಾರಕ್ಕೆ ಸರಾಸರಿ ಶೇಕಡಾ 15ರಷ್ಟು ತೂಕ ಇಳಿಯಿತು, ಟಿರ್ಜೆಪಟೈಡ್‌ನ ದೊಡ್ಡ ಡೋಸಿನಲ್ಲಿ 72 ವಾರಕ್ಕೆ ಸುಮಾರು 20. ಮಾತ್ರೆ, ಇಂಜೆಕ್ಷನ್ ತಗೊಳ್ಳುವುದು ಅಡ್ಡದಾರಿ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಿಪಿಗೆ ಮಾತ್ರೆ ತಗೊಂಡವರನ್ನು ಯಾರೂ ಹಾಗೆ ಅನ್ನುವುದಿಲ್ಲ.

ಆದರೆ ಮೂರು ವಿಷಯ ತಿಳಿದಿರಲಿ. ನಿಲ್ಲಿಸಿದರೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಒಂದು ವರ್ಷದಲ್ಲಿ ವಾಪಸ್ ಬಂತು ಅಂತ ಸೆಮಾಗ್ಲುಟೈಡ್ ಅಧ್ಯಯನವೇ ಹೇಳಿದೆ. ಬಿಪಿ ಮಾತ್ರೆಯ ಹಾಗೇ. ಆದ್ದರಿಂದ ಎಷ್ಟು ದಿನ, ಎಷ್ಟು ಖರ್ಚು ಎಂಬ ಮಾತು ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಆಗಬೇಕು. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಊತ ಅಪರೂಪಕ್ಕೆ ಬರಬಹುದು. ಗರ್ಭಿಣಿಯರಿಗೆ, ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿ ಇರುವವರಿಗೆ ಇದು ಬೇಡ. ಅಕ್ಕನ ಮದುವೆಗೆ ಐದು ಕಿಲೋ ಇಳಿಸಬೇಕು ಅಂತ ಗೆಳತಿಯ ಪೆನ್ನು ಹಂಚಿಕೊಳ್ಳುವುದು ಬೇಡವೇ ಬೇಡ. ತೂಕ ತುಂಬಾ ಜಾಸ್ತಿ ಇದ್ದು, ಜೊತೆಗೆ ಶುಗರ್ ಇರುವವರಿಗೆ ತೂಕ ಇಳಿಸುವ ಆಪರೇಷನ್ನೂ ಒಂದು ಒಳ್ಳೆಯ ದಾರಿ. ಅದಾದ ಮೇಲೂ ವಿಟಮಿನ್ ಮಾತ್ರೆ, ತಪಾಸಣೆ ಜೀವನಪೂರ್ತಿ ಇರುತ್ತದೆ.

ಚಿಕಿತ್ಸೆಗೆ ಹೋದಾಗ ನೀವು ತಗೊಳ್ಳುವ ಎಲ್ಲಾ ಮಾತ್ರೆಗಳ ಚೀಟಿ ಒಯ್ಯಿರಿ. ಸ್ಟೀರಾಯ್ಡ್, ಫಿಟ್ಸ್‌ನ ಕೆಲವು ಮಾತ್ರೆ, ಮನೋರೋಗದ ಕೆಲವು ಮಾತ್ರೆ ತೂಕ ಏರಿಸುತ್ತವೆ. ನೀವಾಗೇ ನಿಲ್ಲಿಸಬೇಡಿ, ಕೇಳಿ. ಜೋರು ಗೊರಕೆ ಇದ್ದು ಹಗಲಲ್ಲಿ ತೂಕಡಿಕೆ ಬರುತ್ತಿದ್ದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು.

ಟೀಚರ್ ಈಗ ಹೇಗಿದ್ದಾರೆ ಅಂತ ಕೇಳುತ್ತೀರಿ. ಮೂರು ವರ್ಷವಾಯಿತು. ತೂಕ 74. ನಡುವೆ ಅತ್ತೆಯ ಕಾಯಿಲೆಯಲ್ಲಿ 77ಕ್ಕೆ ಹೋಗಿತ್ತು. ಆಗ ಅವರು ತಪ್ಪಿಸಿಕೊಳ್ಳದೆ ಬಂದರು, "ಡಾಕ್ಟ್ರೇ, ಮೂರು ಕಿಲೋ ಏರಿದೆ, ಏನ್ ಮಾಡೋಣ" ಅಂತ ಕುರ್ಚಿ ಎಳೆದು ಕೂತರು. ನನಗೆ ಆ ದಿನ ಆದ ಸಂತೋಷ ಅವರು 12 ಕಿಲೋ ಇಳಿಸಿದಾಗಲೂ ಆಗಿರಲಿಲ್ಲ. ಬಿಪಿ ಮಾತ್ರೆ ಅರ್ಧವಾಗಿದೆ. ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆ, ಹಾಗಾಗಿ ಮಂಡಿಯೂ ಹಗುರವಾಗಿದೆ. ಮೂರು ತಿಂಗಳಿಗೊಮ್ಮೆ ಬರುತ್ತಾರೆ.

ಒಂದು ಚೀಟಿ ಬಂದಿದೆ, ಓದುತ್ತೇನೆ. "ಮಗಳಿಗೆ 11 ವರ್ಷ. ಮನೆಗೆ ಬಂದವರೆಲ್ಲ ಎಷ್ಟು ದಪ್ಪ ಆಗಿದ್ದಾಳೆ ಅಂತಾರೆ. ಡಯಟ್ ಮಾಡಿಸಲಾ?"

ಬೇಡಮ್ಮ. ಬೆಳೆಯುವ ಮಗು ಅವಳು. ಎತ್ತರ ಏರುತ್ತಾ ತೂಕ ಹಾಗೇ ನಿಂತರೂ ಎಷ್ಟೋ ಸಲ ಸಾಕಾಗುತ್ತದೆ. ಅವಳ ಒಬ್ಬಳ ತಟ್ಟೆ ಬದಲಾಯಿಸಬೇಡಿ, ಇಡೀ ಮನೆಯ ಎಣ್ಣೆ, ಬಿಸ್ಕತ್ತಿನ ಡಬ್ಬಿ ಬದಲಾಯಿಸಿ. ಜ್ಯೂಸ್, ಕೂಲ್‌ಡ್ರಿಂಕ್ಸ್ ಮನೆಗೆ ತರಬೇಡಿ. ಸಂಜೆ ಒಂದು ಗಂಟೆ ಟ್ಯೂಷನ್ ಬಿಟ್ಟು ಆಡಲು ಬಿಡಿ. ಮಕ್ಕಳ ಡಾಕ್ಟರ ಹತ್ತಿರ ಅವಳ ಎತ್ತರ, ತೂಕವನ್ನು ವಯಸ್ಸಿನ ಚಾರ್ಟಿನಲ್ಲಿ ಗುರುತು ಹಾಕಿಸಿ, ಆರು ತಿಂಗಳಿಗೊಮ್ಮೆ ನೋಡಿಸಿ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದನ್ನೂ ತೋರಿಸಿ, ಎಷ್ಟು ಉಜ್ಜಿದರೂ ಹೋಗದ ಆ ಕಪ್ಪು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಹೇಳುವ ಗುರುತು. ಇನ್ನು ಮನೆಗೆ ಬಂದವರು ಮತ್ತೆ ಹಾಗೆ ಅಂದರೆ, ಮಗಳ ಎದುರಿಗೇ, ಅವಳಿಗೆ ಕೇಳಿಸುವ ಹಾಗೆ ಹೇಳಿ: "ನಮ್ಮ ಮನೆಯಲ್ಲಿ ಮಕ್ಕಳ ಮೈ ಬಗ್ಗೆ ಮಾತಾಡೋದಿಲ್ಲ."